ಬೋರ್ಡಿನ ಮೇಲಿಲ್ಲದ ಊರು

ಊರಿನಿಂದ ನೆಂಟರು ಬಂದರೆ ಪುಣೆಯ ಕನ್ನಡಿಗನು ಅವರನ್ನು ಶನಿವಾರವಾಡೆಗೆ ಕರೆದೊಯ್ಯುತ್ತಾನೋ ಇಲ್ಲವೋ, ಫರ್ಗ್ಯುಸನ್ ಕಾಲೇಜು ರಸ್ತೆಯ ಹೋಟೆಲಿಗಂತೂ ತಪ್ಪದೆ ಕರೆದೊಯ್ಯುತ್ತಾನೆ. ಕುರ್ಚಿ ಖಾಲಿಯಾಗುವುದನ್ನೇ ಕಾದು ನಿಂತ ಜನಸಂದಣಿಯನ್ನೂ, ತೋಳಿನ ಮೇಲೆ ತಟ್ಟೆಗಳನ್ನು ಪೇರಿಸಿಕೊಂಡು ಮೇಜುಗಳ ನಡುವೆ ನುಸುಳುವ ಮಾಣಿಗಳನ್ನೂ ತೋರಿಸಿ 'ಇದೆಲ್ಲ ನಮ್ಮವರದ್ದೇ' ಎನ್ನುವಾಗ ಅವನ ದನಿಯಲ್ಲಿ ಒಂದು ಗತ್ತು ಇರುತ್ತದೆ. ಸಂಘದ ರಾಜ್ಯೋತ್ಸವ ವೇದಿಕೆಯ ಮೇಲೂ ಈ ಮಾತು ವರ್ಷಕ್ಕೊಮ್ಮೆ ಕೇಳಿಬರುತ್ತದೆ: ಮಹಾರಾಷ್ಟ್ರಕ್ಕೆ ಇಡ್ಲಿ ತಿನ್ನಿಸಿದವರು ನಾವು! ಮಾತು ಸುಳ್ಳಲ್ಲ. ಆದರೆ ಆ 'ನಮ್ಮವರು' ಯಾರು, 'ನಮ್ಮದು' ಎಂದು ಹೇಳಿಕೊಳ್ಳಲು ನಾವು, ಅಂದರೆ ಸಂಘ ಕಟ್ಟಿ ಪತ್ರಿಕೆ ನಡೆಸುವ ನಾವು, ಅವರಿಗಾಗಿ ಮಾಡಿದ್ದೇನು ಎಂಬ ಪ್ರಶ್ನೆ ಆ ವೇದಿಕೆಯನ್ನು ಹತ್ತುವುದಿಲ್ಲ. ಅದನ್ನು ಕೇಳಬೇಕಾದ ಕಾಲ ಕೈಮೀರುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಹೆಸರಿನಿಂದಲೇ ಆರಂಭಿಸೋಣ. ಇಂದು ಪುಣೆಯ ಮಕ್ಕಳಿಗೂ ಗೊತ್ತಿರುವ 'ವೈಶಾಲಿ'ಯ ಮೊದಲ ಹೆಸರು 'ಮದ್ರಾಸ್ ಹೆಲ್ತ್ ಹೋಮ್'. ಅದೇ ರಸ್ತೆಯ 'ರೂಪಾಲಿ' ಮೊದಲು 'ಕೆಫೆ ಮದ್ರಾಸ್' ಆಗಿತ್ತು. ಇವನ್ನು ಬೆಳೆಸಿದ ಜಗನ್ನಾಥ ಶೆಟ್ಟಿಯವರು ದಕ್ಷಿಣ ಕನ್ನಡದವರು. ಹದಿಹರೆಯದಲ್ಲಿ ಊರು ಬಿಟ್ಟು, ಕಲ್ಯಾಣದಲ್ಲಿ ಬಂಧುಗಳ ಹೋಟೆಲಿನಲ್ಲಿ ದುಡಿದು, ಐವತ್ತರ ದಶಕದ ಆರಂಭದ ಹೊತ್ತಿಗೆ ಪುಣೆಗೆ ಬಂದ ಅವರು 2023ರಲ್ಲಿ, ತಮ್ಮ 91ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಮುಂಬಯಿಯ ಮಾಟುಂಗಾದಲ್ಲಿ ಕಾಮತರು 1940ರಲ್ಲಿ ತೆರೆದ ಹೋಟೆಲಿನ ಹೆಸರೂ 'ಕೆಫೆ ಮದ್ರಾಸ್' ಎಂದೇ. ಕರಾವಳಿಯ ನಮ್ಮ ಜನ ತಮ್ಮ ಊರನ್ನು ಬಿಟ್ಟು ಪರರ ಪಟ್ಟಣದ ಹೆಸರನ್ನು ನೆತ್ತಿಯ ಮೇಲೆ ಹೊತ್ತದ್ದೇಕೆ ಎಂದು ನಮ್ಮ ಅಭಿಮಾನಿಗಳು ಹಳಿಯುವುದುಂಟು. ಹಳಿಯುವ ಮುನ್ನ ಹಳೆಯ ಭೂಪಟವನ್ನೊಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಇದ್ದದ್ದು ಮದ್ರಾಸು ರಾಜ್ಯದಲ್ಲಿ. ಬಂಟ್ವಾಳ, ಕಾರ್ಕಳ, ಉಡುಪಿ, ಕಾಸರಗೋಡುಗಳಿಂದ ಹೊರಟುಬಂದ ಹುಡುಗನು ಸರಕಾರಿ ಕಾಗದಪತ್ರಗಳ ಲೆಕ್ಕದಲ್ಲಿ ಮದ್ರಾಸಿನವನೇ. 'ಮದ್ರಾಸ್' ಎಂಬ ಹೆಸರಿಗೆ ಆಗ ಗಿರಾಕಿಯನ್ನು ಸೆಳೆಯುವ ಗುಣವಿತ್ತೆಂಬುದೂ ನಿಜ. ಆದರೆ ಆ ಬೋರ್ಡು ಸುಳ್ಳು ಹೇಳುತ್ತಿರಲಿಲ್ಲ.

ಅದೇ ಕಾಲದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ರಾಜ್ಯದಲ್ಲಿದ್ದವು. ಅಲ್ಲಿಂದ ಪುಣೆಗೆ ಬಂದವನು ಹೊರನಾಡಿಗೆ ಬಂದವನಲ್ಲ. ತನ್ನದೇ ರಾಜ್ಯದ ವಿದ್ಯಾಕೇಂದ್ರಕ್ಕೆ ಬಂದವನು. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವಿ ಪಡೆದದ್ದು ಹಾಗೆ. ಗದಗಿನ ಭೀಮಸೇನ ಜೋಶಿಯವರು ಇಲ್ಲಿ ನೆಲೆನಿಂತು, ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ಸಂಗೀತೋತ್ಸವ ನಡೆಸಿಕೊಂಡು ಬಂದದ್ದೂ ಆ ಹಳೆಯ ಹಾದಿಯ ಮುಂದುವರಿಕೆಯೇ. ಈ ಉತ್ತರದ ಕನ್ನಡಿಗನಿಗೆ ಪುಣೆಯಲ್ಲಿ ತನ್ನದೆಂಬ ಹೋಟೆಲೇ ಬೇಕಾಗಲಿಲ್ಲ. ಅವನ ರೊಟ್ಟಿ ಇಲ್ಲಿ ಭಾಕರಿ; ಅವನ ಝುಣಕ ಇಲ್ಲಿಯೂ ಝುಣಕ; ಖಾನಾವಳಿ ಎಂಬ ಮಾತಂತೂ ಎರಡೂ ಭಾಷೆಗಳಿಗೆ ಒಂದೇ. ಹೀಗೆ ಪುಣೆಗೆ ಎರಡು ಕನ್ನಡಗಳು ಎರಡು ಬಾಗಿಲುಗಳಿಂದ ಬಂದವು. ಒಂದು ಕಾಲೇಜಿನ ಮುಂಬಾಗಿಲಿನಿಂದ, ಇನ್ನೊಂದು ಅಡುಗೆಮನೆಯ ಹಿಂಬಾಗಿಲಿನಿಂದ. ಎರಡನೆಯವರ ಮನೆಮಾತು ಬಹುಪಾಲು ತುಳು ಅಥವಾ ಕೊಂಕಣಿ. ಶಾಲೆಯ, ಯಕ್ಷಗಾನದ, ಕಾಗದ ಬರೆಯುವ ಭಾಷೆ ಮಾತ್ರ ಕನ್ನಡ. ಹೊರನಾಡ ಸಂಘಗಳ ನಡವಳಿ ಪುಸ್ತಕ ಬರೆದವರು ಬಹಳಮಟ್ಟಿಗೆ ಮೊದಲನೆಯವರು. ರಸೀತಿ ಪುಸ್ತಕ ತುಂಬಿದವರು ಎರಡನೆಯವರು. ನಮ್ಮ ಸಂಘಗಳ ಅರ್ಧ ಇತಿಹಾಸ ಈ ಒಂದು ಅಂತರದಲ್ಲಿದೆ.

ಮುಂದೆ ಮದ್ರಾಸು ಅಳಿಸಿಹೋಗಿ ವೈಶಾಲಿ, ಆಮ್ರಪಾಲಿಗಳು ಬಂದವು. ಬುದ್ಧನ ಕಾಲದ ನಗರವೊಂದರ ಹೆಸರು, ಆ ನಗರದ ಗಣಿಕೆಯ ಹೆಸರು. ಬಿಹಾರದ ಹೆಸರು ಹೊತ್ತ ಹೋಟೆಲಿನಲ್ಲಿ ಮಂಗಳೂರಿನವರು ಮರಾಠಿಗರಿಗೆ ಮದ್ರಾಸಿನದೆಂದು ಖ್ಯಾತವಾದ ದೋಸೆಯನ್ನು ಬಡಿಸುತ್ತಾರೆ! ರಾಷ್ಟ್ರೀಯ ಭಾವೈಕ್ಯದ ಬಗೆಗೆ ಭಾಷಣ ಮಾಡುವವರು ಯಾಕೋ ಈ ಉದಾಹರಣೆಯನ್ನು ಬಳಸಿದ್ದು ಕೇಳಿಲ್ಲ.

ಈಗ ತಟ್ಟೆಗೆ ಬರೋಣ. ವೈಶಾಲಿಯ ತಿನಿಸುಗಳಲ್ಲಿ ಪುಣೆಯ ತರುಣರು ಹೆಸರು ಹಿಡಿದು ಕೇಳುವುದು ಎಸ್.ಪಿ.ಡಿ.ಪಿ. ಎಂಬುದನ್ನು, ಸೇವ್, ಬಟಾಟೆ, ಮೊಸರು, ಪುರಿ. ಅದರಲ್ಲಿ ದಕ್ಷಿಣದ್ದು ಏನೂ ಇಲ್ಲ. ಇಲ್ಲಿಯ 'ಮೈಸೂರು ಮಸಾಲೆ'ಯೊಳಗೆ ಬೀಟ್‌ರೂಟು ಕಂಡು ಮೈಸೂರಿನವರು ಬೆಚ್ಚಿದ್ದಾರೆ. ಸಾಂಬಾರು ಸಿಹಿಯೆಂದು ಧಾರವಾಡದವರು ಮುಖ ಕಿವಿಚುತ್ತಾರೆ. ಉಡುಪಿಯ ಸಾಂಬಾರಿಗೆ ಮೊದಲಿನಿಂದಲೂ ಬೆಲ್ಲ ಬೀಳುತ್ತದೆ, ಪುಣೆಯ ಆಮಟಿಗೂ ಬೀಳುತ್ತದೆ, ಎರಡು ಊರುಗಳ ಒಲುಮೆಗೆ ಬೆಲ್ಲವೇ ದಳ್ಳಾಳಿಯಾಗಿದ್ದಿರಬೇಕು ಎಂಬುದನ್ನು ಅವರು ಯೋಚಿಸುವುದಿಲ್ಲ. ರುಚಿ ಕೆಟ್ಟಿತು, ಮೂಲ ಮರೆಯಿತು ಎಂಬ ಗೋಳಿನಲ್ಲಿ ನನಗೆ ಪಾಲಿಲ್ಲ. ಊರು ಬಿಟ್ಟ ಅಡುಗೆ ಊರಿನಂತೆಯೇ ಇರಬೇಕೆನ್ನುವವರು ಊರು ಬಿಟ್ಟ ತಾವು ಎಷ್ಟು ಊರಿನಂತಿದ್ದೇವೆಂದು ನೋಡಿಕೊಳ್ಳಬೇಕು.

ಪ್ರಾಚೀನತೆಯ ಹೆಮ್ಮೆಯೂ ಹಾಗೆಯೇ. ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಮಾತು ಬರುತ್ತದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರ ಅದನ್ನು ಮಾಡುವ ಬಗೆಯನ್ನು ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆಯಿಸಿದ ಮಾನಸೋಲ್ಲಾಸದಲ್ಲಿ ಇಡ್ಡರಿಕೆಯೂ ಇದೆ, ದೋಸಕವೂ ಇದೆ. ಇದನ್ನೆಲ್ಲ ಸ್ಮರಣಸಂಚಿಕೆಗಳಲ್ಲಿ ಅಚ್ಚುಹಾಕಿ ನಾವು ತೃಪ್ತರಾಗಿದ್ದೇವೆ. ಆದರೆ ಆ ಹಳೆಯ ಇಡ್ಡಲಿಗೆ ಉದ್ದಿನದು. ಅದರಲ್ಲಿ ಇಂದಿನ ಇಡ್ಲಿಯ ಅಕ್ಕಿಯೂ ಇಲ್ಲ, ರಾತ್ರಿಯೆಲ್ಲ ಹುದುಗಿಸಿದ ಹಿಟ್ಟೂ ಇಲ್ಲ. ಸಾವಿರ ವರ್ಷದ ಹಿಂದಿನ ಉದ್ದಿನ ಲೆಕ್ಕ ನಮಗೆ ಗೊತ್ತು. ಎಪ್ಪತ್ತು ವರ್ಷದ ಹಿಂದೆ ಪುಣೆಯ ಅಡುಗೆಮನೆಯಲ್ಲಿ ಆ ಉದ್ದನ್ನು ರುಬ್ಬಿದವನ ಹೆಸರು ಗೊತ್ತಿಲ್ಲ.

ಈ ಹೋಟೆಲುಗಳ ನಿಜವಾದ ಸಾಧನೆ ತಟ್ಟೆಯಲ್ಲಿಲ್ಲ, ಮೇಜಿನಲ್ಲಿದೆ ಎಂದು ನನಗೆ ತೋರುತ್ತದೆ. ನಾಲ್ವರ ಮೇಜಿಗೆ ಇಬ್ಬರು ಕುಳಿತಿದ್ದರೆ ಉಳಿದೆರಡು ಕುರ್ಚಿಗೆ ಅಪರಿಚಿತರನ್ನು ಕರೆತಂದು ಕೂರಿಸುವುದು ಉಡುಪಿ ಹೋಟೆಲಿನ ಪದ್ಧತಿ. ಇದು ಸಣ್ಣ ಸಂಗತಿಯಲ್ಲ. ಇದೇ ಪುಣೆಯಲ್ಲಿ 1929ರಲ್ಲಿ ಪರ್ವತಿ ದೇವಾಲಯದ ಪ್ರವೇಶಕ್ಕಾಗಿ ಅಸ್ಪೃಶ್ಯರು ಸತ್ಯಾಗ್ರಹ ಮಾಡಿ ಪೆಟ್ಟು ತಿಂದರು. 1950ರ ಸಂವಿಧಾನ ತನ್ನ 15ನೆಯ ಅನುಚ್ಛೇದದಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರು ಹಿಡಿದು ಹೇಳಿ, ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿಂದ ದೂರ ಇಡಬಾರದೆಂದಿತು. ಹೋಟೆಲಿಗೆ ಸಂವಿಧಾನದಲ್ಲಿ ಜಾಗ ಬೇಕಾಯಿತೆಂದರೆ ಅಂದಿನ ಸ್ಥಿತಿಯನ್ನು ಊಹಿಸಬಹುದು. ಉಡುಪಿ ಹೋಟೆಲೇನೂ ಕ್ರಾಂತಿಕಾರಿಯಾಗಿ ಹುಟ್ಟಿದ್ದಲ್ಲ. ಅದರ ಆದಿಯಲ್ಲಿ ಬ್ರಾಹ್ಮಣ ಅಡುಗೆಯವರೇ ಬಂಡವಾಳ. ಬ್ರಾಹ್ಮಣರಿಗೆ ಪ್ರತ್ಯೇಕ ಪಂಕ್ತಿ ಇಡುವ ರೂಢಿಯೂ ಇತ್ತು. ಮದ್ರಾಸಿನಲ್ಲಿ ಪೆರಿಯಾರರು 1957ರಲ್ಲಿ ಹೋಟೆಲೊಂದರ ಬೋರ್ಡಿನ 'ಬ್ರಾಹ್ಮಣ' ಎಂಬ ಪದದ ವಿರುದ್ಧ ಚಳವಳಿಯನ್ನೇ ಹೂಡಬೇಕಾಯಿತು. ಆದರೂ ವ್ಯಾಪಾರದ ಒತ್ತಡ ಶಾಸ್ತ್ರದ ಒತ್ತಡಕ್ಕಿಂತ ಬಲವಾದದ್ದು. ಬಂಟರು, ಬಿಲ್ಲವರು ಈ ಕಸುಬಿಗೆ ಇಳಿದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಮೇಲೆ, ಪೇಠೆಗಳ ಈ ಸಂಪ್ರದಾಯಸ್ಥ ನಗರದಲ್ಲಿ ಯಾರ ಜಾತಿಯನ್ನೂ ಕೇಳದೆ ಯಾರ ಪಕ್ಕದಲ್ಲಾದರೂ ಕೂರಿಸುವ ಜಾಗ ನಿರ್ಮಾಣವಾಯಿತು. ಇರಾನಿಗಳ ಚಹಾದಂಗಡಿಗಳು ಮೊದಲೇ ತೋರಿಸಿದ್ದ ದಾರಿ ಅದು. ಡೆಕ್ಕನ್ನಿನ 'ಗುಡ್‌ಲಕ್' 1935ರದು. ಇರಾನಿಗಳು ಅದನ್ನು ಬನ್ನು-ಮಸ್ಕಾದಲ್ಲಿ ಮಾಡಿದರೆ, ನಮ್ಮವರು ಮಡಿವಂತರೂ ಒಪ್ಪುವ ಶಾಕಾಹಾರದಲ್ಲಿ ಮಾಡಿದರು. ಅದರಲ್ಲಿ ಹೆಚ್ಚಿನ ಜಾಣತನವಿದೆ.

ಈ ಜಾಗಕ್ಕೆ ಪೆಟ್ಟು ಬೀಳದೇ ಇರಲಿಲ್ಲ. 1966ರ ಜೂನಿನಲ್ಲಿ ಶಿವಸೇನೆ ಹುಟ್ಟಿದ ಮೇಲೆ 'ಬಜಾವ್ ಪುಂಗಿ, ಹಟಾವ್ ಲುಂಗಿ' ಎಂಬ ಕೂಗು ಎದ್ದಿತು. ಮುಂಬಯಿಯಲ್ಲಿ ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬಿದ್ದವು. ಮಹಾಜನ ಆಯೋಗದ ವರದಿ ಬಂದ ಬಳಿಕ, 1969ರ ಫೆಬ್ರವರಿಯಲ್ಲಿ, ಗಡಿಯ ಪ್ರಶ್ನೆಯ ಮೇಲೆ ಆ ನಗರ ಹೊತ್ತಿ ಉರಿಯಿತು. ಬೆಳಗಾವಿಯನ್ನು ಕೇಳಿದ್ದು ಮೈಸೂರು ಸರಕಾರದ ಹತ್ತಿರ. ಗಾಜು ಒಡೆದದ್ದು ಬೆಳಗಾವಿಯನ್ನೇ ಕಂಡಿರದ ಕಾರ್ಕಳದವನದು. ಆ ದಿನಗಳಲ್ಲಿ ಪೆಟ್ಟು ತಿಂದವನು 'ಮದ್ರಾಸಿ' ಎಂದು ಪೆಟ್ಟು ತಿಂದನು, ಕನ್ನಡಿಗನೆಂದೂ ಪೆಟ್ಟು ತಿಂದನು. ಊರಿನ ಹೆಸರು ಹೇಳದಿದ್ದುದು ಅವನನ್ನು ಕಾಪಾಡಲಿಲ್ಲ. ಮರುವಾರ ಅದೇ ಕುರ್ಚಿಯ ಮೇಲೆ ಅದೇ ಜನ ಬಂದು ಕುಳಿತರು, ಅವನು ಅದೇ ಚಟ್ನಿ ಬಡಿಸಿದ. ಇದನ್ನು ಸಹನೆ ಎನ್ನಬೇಕೋ ಕಸುಬು ಎನ್ನಬೇಕೋ ಓದುಗರೇ ನಿರ್ಧರಿಸಲಿ. ಪುಣೆ, ಮುಂಬಯಿಗಳಲ್ಲಿ ಹೋಟೆಲಿನವನನ್ನು 'ಅಣ್ಣಾ' ಎಂದು ಕರೆಯುವ ರೂಢಿ ಇವತ್ತಿಗೂ ಇದೆ. ಒಮ್ಮೊಮ್ಮೆ ಅದರಲ್ಲಿ ಹಗುರವೂ ಇರುತ್ತದೆ; ಆದರೆ ಮರಾಠಿ ಮನೆಗಳ ಹಿರಿಯರೂ ಅಣ್ಣಾ, ಅಕ್ಕಾ ಎಂದೇ ಕರೆಸಿಕೊಳ್ಳುವವರು, ಆ ಸಂಬೋಧನೆಗಳು ಮರಾಠಿಗೆ ದ್ರಾವಿಡದ ಕಡೆಯಿಂದ ಬಂದವು ಎಂಬುದನ್ನು ನೆನೆದರೆ ಕೋಪ ಅರ್ಧ ಇಳಿಯುತ್ತದೆ.

ಬೋರ್ಡಿನ ಮೇಲೆ ಕನ್ನಡ ಬರೆಸಿ ಎಂದು ನಾನು ಕೇಳುತ್ತಿಲ್ಲ. ಮಹಾರಾಷ್ಟ್ರ 2022ರಲ್ಲಿ ಕಾನೂನು ತಿದ್ದಿ ಎಲ್ಲ ಅಂಗಡಿಗಳೂ ದೇವನಾಗರಿಯ ಮರಾಠಿಯಲ್ಲಿ ಎದ್ದುಕಾಣುವ ಬೋರ್ಡು ಹಾಕಬೇಕೆಂದಿತು. ಕರ್ನಾಟಕ 2024ರಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡವಿರಬೇಕೆಂದಿತು. ಬೆಂಗಳೂರಿನಲ್ಲಿ ನಾವು ಬೇಡುವುದನ್ನೇ ಪುಣೆಯವರು ಇಲ್ಲಿ ಬೇಡಿದರೆ ಅದು ನ್ಯಾಯವೇ. ಬೋರ್ಡಿನ ಜಗಳ ಮುಗಿದ ಮೇಲೂ ಉಳಿಯುವ ಪ್ರಶ್ನೆ ಬೋರ್ಡಿನ ಹಿಂದಿನ ಮನುಷ್ಯರದು.

ಇದು ನಮ್ಮೊಬ್ಬರ ಪಾಡೂ ಅಲ್ಲ. ಬ್ರಿಟನ್ನಿನಲ್ಲಿ 'ಇಂಡಿಯನ್' ಎಂದು ಬೋರ್ಡು ಹಾಕಿಕೊಂಡ ಊಟದ ಮನೆಗಳಲ್ಲಿ ಬಹುಪಾಲನ್ನು ಕಟ್ಟಿದವರು ಭಾರತೀಯರಲ್ಲ. ಇಂದಿನ ಬಾಂಗ್ಲಾದೇಶದ ಸಿಲ್ಹಟ್ ಜಿಲ್ಲೆಯವರು. ಹಡಗಿನ ಇಂಜಿನು ಕೋಣೆಗಳಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದ ಖಲಾಸಿಗಳು ಲಂಡನ್ನಿನಲ್ಲಿ ಇಳಿದು, ಪಾತ್ರೆ ತೊಳೆದು, ಕೊನೆಗೆ ತಮ್ಮದೇ ಹೋಟೆಲು ಹಾಕಿದರು. ಅವರೂ ತಮ್ಮ ಊರಿನ ಹೆಸರನ್ನು ಬೋರ್ಡಿನ ಮೇಲೆ ಬರೆಯಲಿಲ್ಲ. ಆದರೆ ಅವರಿಗೆ ಒಂದು ಭಾಗ್ಯ ಒದಗಿತು. ಪೂರ್ವ ಲಂಡನ್ನಿನಲ್ಲಿ ಅವರ ನಡುವೆ ಕೆಲಸ ಮಾಡುತ್ತಿದ್ದ ಕೆರೊಲಿನ್ ಆಡಮ್ಸ್ ಎಂಬಾಕೆ ಆ ಮುದುಕರ ಮನೆಗಳಿಗೆ ಹೋಗಿ, ಅವರ ಬಾಯಿಂದಲೇ ಅವರ ಕಥೆ ಹೇಳಿಸಿ, 1987ರಲ್ಲಿ ಪುಸ್ತಕ ಮಾಡಿದರು. ಏಳು ಕಡಲು, ಹದಿಮೂರು ನದಿಗಳನ್ನು ದಾಟಿ ಎಂಬ ಅರ್ಥದ ಹೆಸರು ಅದಕ್ಕೆ. ಪುಣೆಯ ಹೋಟೆಲು ಹುಡುಗರ ಬಗೆಗೆ ಅಂಥದೊಂದು ಪುಸ್ತಕವನ್ನು ನಮ್ಮಲ್ಲಿ ಯಾರು ಮಾಡಿದ್ದಾರೆ?

ನಾವು ಮಾಡಿರುವುದು ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಬೆಳ್ಳಿಯ ತಟ್ಟೆ. ದಾನಿಗಳಾದ ಹೋಟೆಲು ಮಾಲಕರಿಗೆ. ಅದು ಸಲ್ಲತಕ್ಕದ್ದೇ. ಪುಣೆಯ ಕನ್ನಡ ಸಂಘದ ಆಶ್ರಯದಲ್ಲಿ ಡಾ. ಕಲ್ಮಾಡಿ ಶಾಮರಾವ್ ಶಾಲೆಯಂಥ ಸಂಸ್ಥೆ ತಲೆಯೆತ್ತಿ ನಿಂತಿದೆ; ಹೊರನಾಡಿನ ಇಂಥ ಕಟ್ಟಡಗಳ ಇಟ್ಟಿಗೆಗಳಲ್ಲಿ ಇಡ್ಲಿಯ ಪಾಲು ಎಷ್ಟೆಂಬುದು ಚಂದಾ ಎತ್ತಿದವರಿಗೆ ಗೊತ್ತು. ಆದರೆ ಸನ್ಮಾನದ ಭಾಷಣದಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: 'ಇವರು ಲೋಟ ತೊಳೆದು ಮೇಲೆ ಬಂದವರು.' ಲೋಟ ತೊಳೆದು ಮೇಲೆ ಬಂದವನೊಬ್ಬನಾದರೆ, ಲೋಟ ತೊಳೆಯುತ್ತಲೇ ಸವೆದುಹೋದವರು ಹತ್ತಾರು ಮಂದಿ. ಒಬ್ಬನ ಕಥೆಯನ್ನು ಎತ್ತಿ ಹೇಳುವುದರಿಂದ ಉಳಿದವರ ಕಥೆ ಹೇಳಿದಂತಾಗುವುದಿಲ್ಲ, ಮುಚ್ಚಿದಂತಾಗುತ್ತದೆ. ಹತ್ತು ಹನ್ನೆರಡರ ಪ್ರಾಯದಲ್ಲಿ, ಕೊಂಕಣ ರೈಲು ಇನ್ನೂ ಇಲ್ಲದ ಕಾಲದಲ್ಲಿ (ಅದು ಪೂರ್ತಿ ತೆರೆದದ್ದು 1998ರಲ್ಲಿ), ಮಂಗಳೂರಿನ ಹಡಗನ್ನೋ ಘಟ್ಟದ ಬಸ್ಸನ್ನೋ ಹಿಡಿದು, ಪರಿಚಯದವರ ಕೈಹಿಡಿದು ಬಂದ ಮಕ್ಕಳವರು. ಬೆಳಗಿನ ಜಾವಕ್ಕೆ ಎದ್ದು ಒಲೆ ಹೊತ್ತಿಸಿ, ನಡುರಾತ್ರಿ ಮೇಜು ಒರೆಸಿ, ಅದೇ ಮೇಜಿನ ಮೇಲೆ ಗೋಣಿ ಹಾಸಿ ಮಲಗಿದವರು. ತಿಂಗಳ ಮನಿಯಾರ್ಡರಿನಿಂದ ತಂಗಿಯ ಮದುವೆಯಾಯಿತು, ಅಡವಿಟ್ಟ ಗದ್ದೆ ಬಿಡಿಸಿದ್ದಾಯಿತು. ಅವರಿಗೆ ತಾವು ಓದು ಬಿಟ್ಟ ತರಗತಿ ಯಾವುದೆಂದು ಮುಪ್ಪಿನಲ್ಲೂ ನೆನಪಿರುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 1986ರ ಬಾಲಕಾರ್ಮಿಕ ಕಾಯಿದೆಯ ನಿಷೇಧದ ಪಟ್ಟಿಯಲ್ಲಿ ಹೋಟೆಲು ಕೆಲಸ ಆರಂಭದಲ್ಲಿ ಇರಲಿಲ್ಲ. 2006ರ ಅಕ್ಟೋಬರ್ 10ರಿಂದಷ್ಟೇ ಹದಿನಾಲ್ಕರ ಕೆಳಗಿನವರನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದು ಅಪರಾಧವಾಯಿತು. ನಾವು ವೇದಿಕೆಯ ಮೇಲೆ ಕಣ್ಣು ತುಂಬಿ ಹೇಳುವ ಸಾಹಸಗಾಥೆ ಇಂದಿನ ಕಾನೂನಿನ ಕಣ್ಣಿನಲ್ಲಿ ಒಂದು ಅಪರಾಧದ ವಿವರಣೆ. ಮುಂಬಯಿಯ ಕನ್ನಡಿಗರು ಇದನ್ನು ತಮ್ಮ ರೀತಿಯಲ್ಲಿ ಅರಿತಿದ್ದರು. ಹಗಲೆಲ್ಲ ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿ ಅಲ್ಲಿಯ ಕನ್ನಡ ಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿದವು. ಅಲ್ಲಿ ಕಲಿತವರು ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು, ಲೇಖಕರಾದರು. ಹೊರನಾಡ ಕನ್ನಡ ಸಂಘಟನೆಗಳು ಮಾಡಿದ ಕೆಲಸಗಳಲ್ಲಿ ಯಾವುದು ದೊಡ್ಡದೆಂದು ಕೇಳಿದರೆ ನಾನು ಯಾವ ಸಮ್ಮೇಳನದ ಹೆಸರನ್ನೂ ಹೇಳಲಾರೆ. ರಾತ್ರಿಶಾಲೆಯ ಕಡೆಗೆ ಬೆರಳು ತೋರಿಸುತ್ತೇನೆ.

ಇಂದು ಪುಣೆಯ ಉಡುಪಿ ಹೋಟೆಲಿನಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಕಾಫಿ ಕೇಳಿದರೆ ಉತ್ತರ ಬರುವುದು ಹೆಚ್ಚಾಗಿ ಗಲ್ಲಾದಿಂದ ಮಾತ್ರ. ಕರಾವಳಿಯ ಹುಡುಗ ಕಾಲೇಜು ಮುಗಿಸಿ ಬೇರೆ ಕೆಲಸಕ್ಕೆ ಹೋಗುತ್ತಾನೆ. ಇದು ಸಂತೋಷದ ಸಂಗತಿ, ಶೋಕಿಸಬೇಕಾದ್ದಲ್ಲ. ಅವನ ಜಾಗಕ್ಕೆ ಒಡಿಶಾ, ಬಂಗಾಳ, ಬಿಹಾರ, ನೇಪಾಳಗಳ ಹುಡುಗರು ಬಂದಿದ್ದಾರೆ. ದೋಸೆಯ ಕಾವಲಿಯ ಮುಂದೆ ನಿಂತು ಅಂಗೈಯಗಲದ ಹಿಟ್ಟನ್ನು ಒಂದೇ ಸುತ್ತಿಗೆ ಹರಡುವ ಕೈ ಇಂದು ಕಟಕದ ಕಡೆಯದಾಗಿರಬಹುದು. ಕಳೆದ ವರ್ಷ ನಗರದ ಹೊರವಲಯದ ಹೋಟೆಲೊಂದರಲ್ಲಿ ನಾನು ಹಳೆಯ ಅಭ್ಯಾಸಬಲದಿಂದ ಕನ್ನಡದಲ್ಲಿ ನೀರು ಕೇಳಿದೆ. ಆರ್ಡರು ತೆಗೆದುಕೊಳ್ಳುವವನಿಗೆ ತಿಳಿಯಲಿಲ್ಲ. ಪಕ್ಕದ ಮೇಜು ಒರೆಸುತ್ತಿದ್ದ ತರುಣ ತಲೆಯೆತ್ತಿ, 'ಸರ್, ನೀವು ಯಾವ್ ಊರವ್ರ್ರೀ?' ಎಂದ. ಯಾದಗಿರಿಯ ಕಡೆಯವನು. ಅಪ್ಪ, ಅವ್ವ, ಅಣ್ಣ ಎಲ್ಲರೂ ಇಲ್ಲಿಯೇ ಕಟ್ಟಡದ ಕೆಲಸದಲ್ಲಿದ್ದಾರೆ. ತಗಡಿನ ಶೆಡ್ಡಿನಲ್ಲಿ ವಾಸ. ಪುಣೆಯಲ್ಲಿ ಕನ್ನಡ ಸಂಘಗಳಿವೆ ಎಂದು ಅವನಿಗೆ ಗೊತ್ತಿರಲಿಲ್ಲ. 'ಅಲ್ಲಿ ಏನ್ ಮಾಡ್ತಾರ್ರೀ ಸರ್?' ಎಂದು ಕೇಳಿದ. ನಾಟಕ, ಸಂಗೀತ, ಉಪನ್ಯಾಸ ಎಂದೆ. ಅವನು ವಿನಯದಿಂದ ತಲೆಯಾಡಿಸಿ ಮುಂದಿನ ಮೇಜಿಗೆ ಹೋದ.

ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಪುಣೆ, ಮುಂಬಯಿಗಳ ಕಟ್ಟಡಗಳಿಗೆ ಗಾರೆ ಹೊರಲು ಬರುವ ಕುಟುಂಬಗಳು ಇಂದಿನ ಹೊರನಾಡ ಕನ್ನಡಿಗರು. ಅವರ ಮಕ್ಕಳ ಶಾಲೆ ಪ್ರತಿ ಸಲ ಕಟ್ಟಡ ಮುಗಿದಾಗ ಮುಗಿಯುತ್ತದೆ. ಹಿಂಬಾಗಿಲಿನಿಂದ ಬಂದ ಮೊದಲ ಕನ್ನಡವನ್ನು ನಾವು ಅವರ ಮಾಲಕರ ಮೂಲಕ ಮಾತ್ರ ಗುರುತಿಸಿದೆವು. ಈ ಎರಡನೆಯದಕ್ಕೆ ಹೋಟೆಲು ಮಾಲಕರಂತೆ ಚಂದಾ ಕೊಡುವ ಧಣಿಗಳೂ ಇಲ್ಲ, ಹೀಗಾಗಿ ಅದನ್ನು ಗುರುತಿಸುವ ಪ್ರಸಂಗವೇ ಬಂದಿಲ್ಲ.

ಆದುದರಿಂದ ನನ್ನ ಎರಡು ಬೇಡಿಕೆಗಳು. ಸಂಘದ ಸಭಾಂಗಣ ವಾರದ ಐದು ದಿನ ಸಂಜೆ ಬೀಗ ಹಾಕಿಕೊಂಡಿರುತ್ತದೆ. ಅದರ ಒಂದು ಕೋಣೆಯನ್ನು, ನಮ್ಮಲ್ಲಿಯ ನಿವೃತ್ತ ಶಿಕ್ಷಕರನ್ನು, ಒಂದು ಕರಿಹಲಗೆಯನ್ನು ಈ ಮಕ್ಕಳಿಗಾಗಿ ಕೊಡೋಣ. ಬಾರದಿದ್ದರೆ ನಾವೇ ಶೆಡ್ಡಿಗೆ ಹೋಗೋಣ. ಇದಕ್ಕೆ ಬೇಕಾದ ಹಣ ಒಂದು ರಾಜ್ಯೋತ್ಸವದ ಶಾಮಿಯಾನದ ಬಾಡಿಗೆಗಿಂತ ಹೆಚ್ಚಾಗದು.

ಎರಡನೆಯದು ಈ ಪತ್ರಿಕೆಯ ಸಂಪಾದಕರಲ್ಲಿ. ಮುಂದಿನ ನಾಲ್ಕು ಸಂಚಿಕೆಗಳಲ್ಲಿ ಇಪ್ಪತ್ತು ಪುಟಗಳನ್ನು ಹೋಟೆಲುಗಳಲ್ಲಿ ದುಡಿದವರಿಗೆ ಮೀಸಲಿಡಬೇಕು. ಮಾಲಕರಿಗಲ್ಲ. ಭಟ್ಟರು, ಸಪ್ಲೈಯರು, ಕ್ಲೀನರು, ರುಬ್ಬುವ ಕಲ್ಲಿನ ಮುಂದೆ ಕುಳಿತವರು, ಕಾಫಿ ಸೋಸಿದವರು. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ, ಕನ್ನಡ ಲಿಪಿಯಲ್ಲಿ, ಅಚ್ಚಾಗಲಿ. ಯಾವ ವರ್ಷ ಬಂದಿರಿ, ಯಾರ ಜೊತೆ ಬಂದಿರಿ, ಮೊದಲ ರಾತ್ರಿ ಎಲ್ಲಿ ಮಲಗಿದಿರಿ, ಮೊದಲ ಸಂಬಳ ಎಷ್ಟು, 1969ರಲ್ಲಿ ಎಲ್ಲಿದ್ದಿರಿ, ಮರಾಠಿ ಯಾರಿಂದ ಕಲಿತಿರಿ, ಯಾವ ಜಾತಿಯವರನ್ನು ಯಾವ ವರ್ಷದವರೆಗೆ ಅಡುಗೆಮನೆಯೊಳಗೆ ಬಿಡುತ್ತಿರಲಿಲ್ಲ ಎಂದು ಕೇಳೋಣ. ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ನಮಗೆ ಹಿತವಾಗಲಿಕ್ಕಿಲ್ಲ, ಅದನ್ನೂ ಅಚ್ಚುಮಾಡಬೇಕು. ಏಳು ಮಂದಿಯ ಹೆಸರು ಈಗಾಗಲೇ ನನ್ನ ಬಳಿ ಇದೆ. ಅವರಲ್ಲಿ ನಾಲ್ವರು ಎಂಬತ್ತು ದಾಟಿದವರು, ಇಬ್ಬರು ಊರಿಗೆ ಮರಳಿದ್ದಾರೆ. ಒಬ್ಬರಿಗೆ ಕಿವಿ ಮಂದವಾಗಿರುವುದರಿಂದ ದೂರವಾಣಿಯಲ್ಲಿ ಮಾತಾಡಲಾಗದು. ಮಳೆಗಾಲ ಹಿಡಿಯುವ ಮುನ್ನ ಯಾರಾದರೂ ಕಾರ್ಕಳದ ಬಸ್ಸು ಹತ್ತಬೇಕು.